ತೇವದ ಗೋಡೆಯ ಅರ್ಜಿ

1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ತರುವಾಯ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಅನೇಕರು ಸುಳ್ಯ-ಪುತ್ತೂರು ಸೀಮೆಯ ರಬ್ಬರು ತೋಟಗಳಲ್ಲಿ ನೆಲೆಸಿರುವುದನ್ನು ವಾಚಕರು ಬಲ್ಲರು. ಹೋದ ಆಟಿಯಲ್ಲಿ ಅಂತಹ ತೋಟದ ವಸತಿಯೊಂದರಿಂದ ವೃದ್ಧೆಯೊಬ್ಬಳು ಅರ್ಜಿ ಬರೆಯಿಸಲು ನಮ್ಮಲ್ಲಿಗೆ ಬಂದಳು. “ಆರ್ದ್ರತಾತಿಶಯದಿಂದ ಭಿತ್ತಿಗಳು ಶಿಲೀಂಧ್ರಾವೃತವಾಗಿ” ಎಂದು ಮೊದಲುಮಾಡಿದೆವು. ಮೇಷ್ಟ್ರಿಕೆಯ ಹಳೆಯ ಚಟವಷ್ಟೆ! ಓದಿ ಹೇಳಿದಾಗ ಆಕೆ, “ಮಾಷ್ಟ್ರೇ, ಮೊಮ್ಮಗನ ಚಾಪೆಗೆ ಬೂಷ್ಟು ಹಿಡಿದದ್ದು, ಅವನು ರಾತ್ರಿಯಿಡೀ ಕೆಮ್ಮುವುದು ಇದರಲ್ಲಿ ಎಲ್ಲಿ ಬಂತು?” ಎಂದಳು. ನಾಚಿದೆವು. ಹೆಂಚು ಒಡೆದ ಮೂಲೆ, ಪಡುವಣ ಗೋಡೆ, ನೀರಿಳಿಯತೊಡಗಿದ ದಿನ, ಮಗುವಿನ ಕೆಮ್ಮು—ಇವಿಷ್ಟನ್ನೇ ಬರೆದು, ನಕಲಿನ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿರೆಂದು ಹೇಳಿ ಕಳುಹಿದೆವು. ಸೋಣವೂ ಕಳೆಯಿತು, ಹೆಂಚು ಬಂದಿಲ್ಲ. ನಾಳೆ ಆ ನಕಲನ್ನು ಹಿಡಿದು ಆಕೆಯೊಡನೆ ನಾವೂ ಹೊರಟಿದ್ದೇವೆ.