ಕಂಪ್ಯೂಟರಿಗೆ ನೀರು ಹಾಯಿಸೋಣವೇ?

ನಮ್ಮ ಮನೆಯ ಕಂಪ್ಯೂಟರ್ ಇರುವುದು ನಡುಮನೆಯಲ್ಲಿ. ಅಪ್ಪಾಜಿ ಮಲಗುವುದೂ ನಡುಮನೆಯಲ್ಲೇ. ಕಥೆ ಶುರುವಾಗುವುದು ಇಲ್ಲಿಂದ.

ನಾವು ಅಂದ್ರೆ ಅಕ್ಕ ಮತ್ತು ತಮ್ಮ. ಒಬ್ಬಳು ಮೆಕ್ಯಾನಿಕಲ್ ಎಂಟನೇ ಸೆಮ್, ಒಬ್ಬ ಕಂಪ್ಯೂಟರ್ ಸೈನ್ಸ್ ನಾಲ್ಕನೇ ಸೆಮ್. ಇಬ್ಬರೂ ಇದೇ ಕಾಲೇಜು, ದಿನಾ ದಾವಣಗೆರೆಯ ಮನೆಯಿಂದಲೇ ಓಡಾಟ. ಅಪ್ಪಾಜಿ ತುಂಗಭದ್ರೆಯಿಂದ ಊರಿಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಆಪರೇಟರ್. ಬಹುಪಾಲು ರಾತ್ರಿ ಪಾಳಿ. ಬೆಳಿಗ್ಗೆ ಆರೂವರೆಗೆ ಬಂದು, ಚಾ ಕುಡಿದು, ಮಧ್ಯಾಹ್ನದವರೆಗೆ ಮಲಗ್ತಾರೆ.

ಈ ವರ್ಷ ಫೈನಲ್ ಇಯರ್ ಪ್ರಾಜೆಕ್ಟಿಗೆ ಪಂಪಿನ ಇಂಪೆಲ್ಲರ್ ಸಿಮ್ಯುಲೇಶನ್ ಇತ್ತು. ಓಪನ್‌ಫೋಮ್‌ನಲ್ಲಿ ಒಂದು ಸಲ ಓಡಿಸಿದರೆ ಐದಾರು ಗಂಟೆ. ಅಷ್ಟೂ ಹೊತ್ತು ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಬಿಡುವಿಲ್ಲ, ಫ್ಯಾನಿಗೂ ಬಿಡುವಿಲ್ಲ. ರಾತ್ರಿ ಹಾಕಿದರೆ ಅಮ್ಮನ ನಿದ್ದೆ, ಹಗಲು ಹಾಕಿದರೆ ಅಪ್ಪಾಜಿ ನಿದ್ದೆ. ಹಗಲೇ ಹಾಕಿಟ್ಟು ಕಾಲೇಜಿಗೆ ಬರುತ್ತಿದ್ದೆವು. ಅಪ್ಪಾಜಿ ಒಂದು ದಿನವೂ ಏನೂ ಅನ್ನಲಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ಲ್ಯಾಬ್ ರದ್ದಾಗಿ ಹನ್ನೊಂದಕ್ಕೇ ಮನೆಗೆ ಹೋದೆವು. ಒಳಗೆ ಕಂಪ್ಯೂಟರ್ ಹುಯ್ಯೋ ಅಂತಿತ್ತು, ಚಾಪೆ ಇರಲಿಲ್ಲ. ಅಪ್ಪಾಜಿ ತಾರಸಿ ಮೇಲೆ, ನೀರಿನ ಟ್ಯಾಂಕಿನ ಒಂದು ಗೇಣು ನೆರಳಿನಲ್ಲಿ ಚಾಪೆ ಹಾಸಿ, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರು. ಎಬ್ಬಿಸಿ ಕೇಳಿದ್ದಕ್ಕೆ, "ಒಳಗೆ ಸೆಕಿ ಕಣ್ರಪ್ಪ" ಅಂದರು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ತಂಪಂತೆ! ನಾವಿಬ್ಬರೂ ಮಾತಾಡದೆ ಕೆಳಗಿಳಿದು ಬಂದು ಮೊದಲು ಸಿಮ್ಯುಲೇಶನ್ ನಿಲ್ಲಿಸಿದೆವು.

ಅಂದು ಸಂಜೆಯೇ ನಿರ್ಧಾರ ಆಯಿತು: ವಾಟರ್ ಕೂಲಿಂಗ್ ಹಾಕಿಸೋಣ. ಸ್ಕಾಲರ್‌ಶಿಪ್‌ನಲ್ಲಿ ಉಳಿಸಿದ್ದು 9,000 ರೂಪಾಯಿ ಇತ್ತು. ಎರಡು ಫ್ಯಾನಿನ 240 ಎಂಎಂ ರೇಡಿಯೇಟರ್ ಇರುವ ಸೆಟ್‌ಗೆ ಅಂಗಡಿಯವರು ಹೇಳಿದ್ದು 7,800. ವಿಡಿಯೋಗಳಲ್ಲಿ ಬಣ್ಣಬಣ್ಣದ ದೀಪ, ಕೊಳವೆ, ಎಲ್ಲ ನೋಡಿ ಮನಸ್ಸು ಆಗಲೇ ಅತ್ತ ವಾಲಿತ್ತು. ನೀರು ಅಂದ್ರೆ ತಂಪು, ತಂಪು ಅಂದ್ರೆ ಸದ್ದಿಲ್ಲ. ಲೆಕ್ಕ ಸರಿ ಇದೆಯಲ್ಲ?

ಅಪ್ಪಾಜಿಗೆ ಹೇಳಿದಾಗ ಅವರು ನಕ್ಕರು. "ಅದಕ್ಕೂ ಪಂಪಾ? ಪಂಪ್ ಅಂದ್ಮ್ಯಾಲೆ ಅದಕ್ಕೂ ಒಂದು ಸದ್ದು ಇರ್ತೈತಿ. ಏರ್ ಹಿಡಿದ್ರೆ ಗೊಳಗೊಳ ಅಂತೈತಿ, ಬೇರಿಂಗ್ ಸವದ್ರೆ ಕಿರ್ ಅಂತೈತಿ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು: "ಪಂಪ್‌ಹೌಸಿನಾಗೆ ಅಷ್ಟು ದೊಡ್ಡ ಮೋಟ್ರು ಓಡ್ತಿದ್ರೂ ಕಣ್ಣು ಎಳೀತಾವು. ಯಾಕಂದ್ರೆ ಅದು ಒಂದೇ ಸಮ. ನಿಮ್ದು ಹಂಗಲ್ಲ. ಏರ್ತೈತಿ, ಇಳೀತೈತಿ. ಈಗ ನಿಂತ್ತು ಅನ್ನೋದ್ರಾಗೆ ಮತ್ತೆ ಏರ್ತೈತಿ."

ಹೀಗಾಗಿ 7,800 ಕೊಡುವ ಮುಂಚೆ ಪೆನ್ನು ಹಿಡಿದು ಕೂತೆವು. ಇಬ್ಬರು ಎಂಜಿನಿಯರಿಂಗ್ ಓದುತ್ತಿದ್ದೂ ಇಷ್ಟು ದಿನ ಲೆಕ್ಕ ಹಾಕದೇ ಇದ್ದದ್ದಕ್ಕೆ ನಾಚಿಕೆಯೂ ಆಯಿತು.

ನಮ್ಮ ಪ್ರೊಸೆಸರ್ ಪೂರ್ತಿ ಕೆಲಸದಲ್ಲಿ ತಿನ್ನುವುದು ಸುಮಾರು 90 ವಾಟ್. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ, ಆ 90 ವಾಟ್ ಶಾಖಕ್ಕೆ ನೀರು ಬಿಸಿಯಾಗುವುದು ಬರೀ 1.3 ಡಿಗ್ರಿ. ನೀರಿನ ಶಕ್ತಿ ಅಂಥದ್ದು. ಆದರೆ ಆ ಶಾಖ ಎಲ್ಲಿ ಹೋಗಬೇಕು? ರೇಡಿಯೇಟರಿಗೆ ಹೋಗಿ, ಅಲ್ಲಿಂದ ನಡುಮನೆಯ ಗಾಳಿಗೇ ಬರಬೇಕು. ಗಾಳಿ 10 ಡಿಗ್ರಿ ಬಿಸಿಯಾಗಿ ಹೊರಗೆ ಬರಲಿ ಅಂದರೆ ಸೆಕೆಂಡಿಗೆ ಏಳೂವರೆ ಲೀಟರ್ ಗಾಳಿ ಬೇಕು. ನಡುವೆ ನೀರಿರಲಿ, ತಾಮ್ರವಿರಲಿ, ಈ ಲೆಕ್ಕ ಬದಲಾಗಲ್ಲ. ನೀರು ಶಾಖವನ್ನು ಹೊತ್ತೊಯ್ಯುವ ಹಮಾಲಿ, ಅಷ್ಟೇ. ಮೂಟೆ ಇಳಿಸುವುದು ಗಾಳಿಯಲ್ಲೇ. ಕೋಣೆ 37 ಡಿಗ್ರಿ ಇದ್ದರೆ ಅದಕ್ಕಿಂತ ತಂಪು ಮಾಡಲು ಎರಡರಿಂದಲೂ ಆಗಲ್ಲ.

ಹಾಗಾದರೆ ಸದ್ದು ಎಲ್ಲಿಂದ? ಫ್ಯಾನ್ ಲಾ ಅಂತ ಓದಿರ್ತೀರಿ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತೆ. 10 ಡೆಸಿಬಲ್ ಇಳಿದರೇ ಕಿವಿಗೆ ಅರ್ಧದಷ್ಟು ಅನ್ನಿಸುತ್ತದೆ. ಅಂದ್ರೆ ಸದ್ದು ಕಮ್ಮಿ ಆಗಬೇಕಾದರೆ ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಬೇಕು, ಶಾಖ ಹರಡಲು ಜಾಗ ಜಾಸ್ತಿ ಬೇಕು. ರೇಡಿಯೇಟರ್ ಕೊಡುವುದೂ ಅದನ್ನೇ, ದೊಡ್ಡ ಟವರ್ ಕೂಲರ್ ಕೊಡುವುದೂ ಅದನ್ನೇ. ಪ್ರೊಸೆಸರ್ ಜೊತೆ ಡಬ್ಬದಲ್ಲಿ ಬಂದ ನಮ್ಮ ಪುಟ್ಟ ಫ್ಯಾನ್ ಮಾತ್ರ 2,600 ಆರ್‌ಪಿಎಂನಲ್ಲಿ ಅರಚುತ್ತಿತ್ತು.

ಭಾನುವಾರ ತನಿಖೆ ಶುರು. ಅಪ್ಪಾಜಿಯ ದಿಂಬಿನ ಹತ್ತಿರ ಕಿವಿಯಿಟ್ಟು ಒಬ್ಬರು ಮಲಗುವುದು, ಇನ್ನೊಬ್ಬರು ಸಾಫ್ಟ್‌ವೇರಿನಲ್ಲಿ ಒಂದೊಂದೇ ಫ್ಯಾನ್ ನಿಧಾನ ಮಾಡುವುದು. ಮೂರು ಕಳ್ಳರು ಸಿಕ್ಕಿಬಿದ್ದರು.

ಮೊದಲನೆಯವನು ಕಬ್ಬಿಣದ ಟ್ರಂಕ್. ಅಮ್ಮನ ಹಳೆಯ ಟ್ರಂಕಿನ ಮೇಲೆ ಸಿಪಿಯು ಇಟ್ಟಿದ್ದೆವು. ಫ್ಯಾನಿನ ನಡುಕ ಟ್ರಂಕಿಗೆ ದಾಟಿ, ಅದು ತಮಟೆಯ ಹಾಗೆ ಗುಂಯ್ ಅಂತಿತ್ತು. ಹರಿದ ಹವಾಯಿ ಚಪ್ಪಲಿಯನ್ನು ನಾಲ್ಕು ತುಂಡು ಮಾಡಿ ಕೆಳಗೆ ಕೊಟ್ಟೆವು. ಗುಂಯ್ ಮಾಯ. ಖರ್ಚು ಸೊನ್ನೆ.

ಎರಡನೆಯವನು ಧೂಳು. ಎರಡು ವರ್ಷದಿಂದ ತೆಗೆದೇ ಇರಲಿಲ್ಲ. ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯೇ ಬೆಳೆದಿತ್ತು. ಪೇಂಟ್ ಬ್ರಷ್‌ನಲ್ಲಿ ತೆಗೆದು, ಒಣಗಿ ಹೋಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು.

ಮೂರನೆಯವನು ಅಪ್ಪಾಜಿ ಹೇಳಿದವನು: ಏರಿಳಿತ. ಸಿಮ್ಯುಲೇಶನ್ ಒಂದು ಹಂತದಲ್ಲಿ ಎಲ್ಲ ಕೋರ್ ಬಳಸುತ್ತದೆ, ಇನ್ನೊಂದು ಹಂತದಲ್ಲಿ ಒಂದೇ ಒಂದು. ಚಿಪ್ಪಿನ ತಾಪಮಾನ ಕ್ಷಣದಲ್ಲಿ ಏರಿ ಇಳಿಯುತ್ತೆ, ಫ್ಯಾನ್ ಅದರ ಹಿಂದೆ ಓಡುತ್ತೆ. ಬಯೋಸ್‌ಗೆ ಹೋಗಿ ಫ್ಯಾನ್ ಕರ್ವ್ ಚಪ್ಪಟೆ ಮಾಡಿ, ವೇಗ ಬದಲಿಸುವ ಮುಂಚೆ ಕೆಲವು ಸೆಕೆಂಡ್ ಕಾಯುವಂತೆ ಇಟ್ಟೆವು.

ಇಲ್ಲಿ ನೀರಿನ ಪರವಾಗಿಯೂ ಒಂದು ಮಾತು ಹೇಳಬೇಕು. ನೀರು ಬಿಸಿಯಾಗಲು ಹೊತ್ತು ಹಿಡಿಯುವುದರಿಂದ, ಫ್ಯಾನನ್ನು ನೀರಿನ ತಾಪಮಾನಕ್ಕೆ ಕಟ್ಟಿದರೆ ಈ ಏರಿಳಿತ ತಾನಾಗಿಯೇ ಕಮ್ಮಿ. 200 ವಾಟ್ ದಾಟುವ ಪ್ರೊಸೆಸರ್ ಇದ್ದವರಿಗೆ, ದೊಡ್ಡ ಟವರ್ ಹಿಡಿಸದ ಕ್ಯಾಬಿನೆಟ್ ಇದ್ದವರಿಗೆ ನೀರು ನಿಜಕ್ಕೂ ಸರಿ. ಐಬಿಎಂ 1980ರಲ್ಲೇ 3081 ಮೇನ್‌ಫ್ರೇಮನ್ನು ನೀರಿನಿಂದ ತಣಿಸಿತ್ತು. ಆದರೆ ಅದರ ಉದ್ದೇಶ ಯಾರದೋ ನಿದ್ದೆ ಕಾಪಾಡುವುದಲ್ಲ, ಸಣ್ಣ ಜಾಗದಲ್ಲಿ ಹೆಚ್ಚು ಶಾಖ ತೆಗೆಯುವುದು. ನಮ್ಮ 90 ವಾಟ್‌ಗೆ ಅದು ಬೇಕಿರಲಿಲ್ಲ. ಮೇಲಾಗಿ ಪಂಪ್ ಕಂಪ್ಯೂಟರ್ ಇರುವಷ್ಟು ಹೊತ್ತೂ ಓಡಬೇಕು. ಸೀಲ್ ಆದ ಸೆಟ್‌ನಲ್ಲಿಯೂ ವರ್ಷ ಕಳೆದಂತೆ ಕೊಳವೆಯ ರಬ್ಬರಿನಿಂದ ನೀರು ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ, ಒಳಗೆ ಗಾಳಿ ಸೇರುತ್ತದೆ. ಅದಕ್ಕೇ ಪಂಪ್ ಎಲ್ಲಕ್ಕಿಂತ ಮೇಲೆ ಬರಬಾರದು ಅಂತಾರೆ. ಗಾಳಿ ಅಲ್ಲಿ ಸೇರಿಕೊಂಡರೆ ಗೊಳಗೊಳ. ಅಪ್ಪಾಜಿ ವಿಡಿಯೋ ನೋಡದೇ ಹೇಳಿದ್ದರು. ಪಂಪ್ ಕೆಟ್ಟರೆ ಪೂರ್ತಿ ಸೆಟ್ಟೇ ಬದಲಿಸಬೇಕು. ಟವರ್ ಕೂಲರಿನಲ್ಲಿ ಕೆಡುವುದು ಒಂದು ಫ್ಯಾನ್, ಸಾಮಾನ್ಯವಾಗಿ ಸಾವಿರದೊಳಗೆ ಬರುತ್ತದೆ. ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈಗಳ ಫ್ಯಾನ್ ಸದ್ದಂತೂ ಪ್ರೊಸೆಸರಿಗೆ ನೀರು ಹಾಯಿಸಿದರೆ ಹೋಗಲ್ಲ.

ಕೊನೆಗೆ 2,100 ರೂಪಾಯಿಗೆ 120 ಎಂಎಂ ಫ್ಯಾನಿನ ಟವರ್ ಕೂಲರ್ ತಂದೆವು. ತರುವ ಮುಂಚೆ ಕ್ಯಾಬಿನೆಟ್ ಒಳಗೆ ಸ್ಕೇಲ್ ಇಟ್ಟು ಎತ್ತರ ಅಳೆದಿದ್ದೆವು. 160 ಎಂಎಂ ಜಾಗ, 155 ಎಂಎಂ ಕೂಲರ್. ನೀವೂ ಅಳೆದೇ ತನ್ನಿ. ಫ್ಯಾನ್ 1,000 ಆರ್‌ಪಿಎಂ ದಾಟದ ಹಾಗೆ ಕಟ್ಟಿಹಾಕಿದೆವು. ಪೂರ್ತಿ ಲೋಡ್‌ನಲ್ಲಿ ಪ್ರೊಸೆಸರ್ 78 ಡಿಗ್ರಿಯಲ್ಲಿ ನಿಂತಿತು. ಮೊದಲು 90 ಮುಟ್ಟುತ್ತಿತ್ತು.

ಜೋಡಿಸುವಾಗ ಅಪ್ಪಾಜಿ ಪಕ್ಕದಲ್ಲೇ ಕೂತು, ಬಾಗಿದ ತಾಮ್ರದ ಕೊಳವೆಗಳನ್ನು ಮುಟ್ಟಿ ನೋಡಿ, "ಇವು ಗಟ್ಟಿ ಸರಳಾ?" ಅಂದರು. ಅಲ್ಲ ಅಪ್ಪಾಜಿ, ಇದರೊಳಗೆ ಸ್ವಲ್ಪ ನೀರಿರ್ತೈತಿ, ಗಾಳಿ ತೆಗೆದಿರ್ತಾರೆ, ಕೆಳಗೆ ಬಿಸಿಗೆ ಆವಿಯಾಗಿ ತಂಪಿರೋ ಕಡೆ ಹೋಗ್ತೈತಿ, ಅಲ್ಲಿ ಮತ್ತೆ ನೀರಾಗಿ ಒಳಗೋಡೆಯ ಬತ್ತಿಯಂಥ ಪದರದಲ್ಲಿ ವಾಪಸ್ ಬರ್ತೈತಿ ಅಂದೆವು. "ಪಂಪಿಲ್ಲದೇನಾ?" ಅಂತ ಕೇಳಿದರು. ಹೌದು ಅಂದಾಗ ಕೂಲರನ್ನು ಕೈಗೆ ತಗೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಇಪ್ಪತ್ತೆರಡು ವರ್ಷ ನೀರೆತ್ತಿದವರು.

ಮರುದಿನ ಬೆಳಿಗ್ಗೆ ಸಿಮ್ಯುಲೇಶನ್ ಹಾಕಿಯೇ ಕಾಲೇಜಿಗೆ ಬಂದೆವು. ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡಿ ಕೇಳಿದರೆ, ನಡುಮನೆಯಲ್ಲೇ ಮಲಗಿದ್ದಾರೆ, ಗೊರಕೆ ಬೇರೆ ಅಂದಳು. ಸಂಜೆ ಮನೆಗೆ ಹೋದಾಗ ಅಪ್ಪಾಜಿ ಎದ್ದು ಕೂತಿದ್ದರು. ಹೇಗಿತ್ತು ಅಂದೆವು.

"ಚಲೋ ಆತು. ಈಗ ಮ್ಯಾಲಿನ ಫ್ಯಾನು ಟಕ್ ಟಕ್ ಅಂತೈತಲ್ಲ, ಅದೊಂದು ನೋಡ್ರಪ್ಪ" ಅಂದರು.

ಉಳಿದ ದುಡ್ಡಿನಲ್ಲಿ ಈ ವಾರ ಸೀಲಿಂಗ್ ಫ್ಯಾನ್ ರಿಪೇರಿ.