ವೀಕ್ಷಣಾ ಪುಸ್ತಕದಲ್ಲಿ ಇಲ್ಲದ ಕಲಂ

ಪಾಠಯೋಜನೆಯಲ್ಲಿ ಪೀಠಿಕೆಗೆ ಜಾಗವಿದೆ, ಕಲಿಕೋಪಕರಣಕ್ಕಿದೆ, ಮೌಲ್ಯಮಾಪನಕ್ಕಿದೆ. ಮಗುವಿನ ಮೇಲಿನ ಪ್ರೀತಿಗೆ ಕಲಂ ಇಲ್ಲ. ಇರಬಾರದೆಂದೇ ನನ್ನ ಅಭಿಪ್ರಾಯ. ಇದ್ದಿದ್ದರೆ ಅದನ್ನೂ ನಾವು ಅಂಕಕ್ಕಾಗಿ ತುಂಬುತ್ತಿದ್ದೆವು.

ನಾನು ಗುಳೇದಗುಡ್ಡದ ಕ್ರೈಸ್ತ ಮನೆತನದವಳು. ಬಾಸೆಲ್ ಮಿಷನ್ನಿನವರು 1851ರಲ್ಲಿ ನಮ್ಮೂರಲ್ಲಿ ನೆಲೆ ಹೂಡಿದರು. ನಮ್ಮಜ್ಜಿ ಮಗ್ಗದಲ್ಲಿ ಖಣ ನೇಯುತ್ತ ಬೈಬಲ್ಲಿನ ಕತೆ ಹೇಳುತ್ತಿದ್ದಳು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆದ ಪ್ರಸಂಗ ಅವಳಿಗೆ ಬಲು ಇಷ್ಟ. “ಯೂದ ಅವತ್ತ ರಾತ್ರೀನ ಹಿಡಕೊಡಾವ ಇದ್ದ. ಗೊತ್ತಿದ್ದೂ ಅವನ ಕಾಲೂ ತೊಳದ ನೋಡವ್ವ” ಅನ್ನುತ್ತಿದ್ದಳು. ತಿರುಗಿ ಏನು ಬಂದೀತೆಂಬ ಲೆಕ್ಕವಿಲ್ಲದ ಪ್ರೀತಿ ಅಂದರೆ ನನಗೆ ಇಂದಿಗೂ ಆ ಚಿತ್ರವೇ.

ಮಹಾಕೂಟದ ಹತ್ತಿರದ ಒಂದು ಸರ್ಕಾರಿ ಶಾಲೆಗೆ ಬೋಧನಾಭ್ಯಾಸಕ್ಕೆ ಹೋದಾಗ ಈ ನಂಬಿಕೆಯನ್ನು ಬಾಯಲ್ಲಿ ಹೇಳುವ ಪ್ರಶ್ನೆಯೇ ಇರಲಿಲ್ಲ. ಸಂವಿಧಾನದ 28ನೆಯ ವಿಧಿ ಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಗೆ ಅವಕಾಶ ಕೊಡುವುದಿಲ್ಲ. ಅದು ಸರಿಯೇ. ಹೇಳುವಂತಿಲ್ಲ ಎಂದಾಗ ಮಾಡುವುದಷ್ಟೇ ಉಳಿಯುತ್ತದೆ.

ಆರನೆಯ ತರಗತಿಗೆ ಒಬ್ಬ ಹುಡುಗ ತಡವಾಗಿ ಬಂದು ಸೇರಿಕೊಂಡ. ತಂದೆತಾಯಿ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಗುಳೆ ಹೋದಾಗ ಅವರ ಜೊತೆ ಇದ್ದವನು. “ಅಕ್ಕೋರ, ನನಗ ಓದಾಕ ಬರೂದಿಲ್ರಿ” ಎಂದು ಮೊದಲ ದಿನವೇ ಹೇಳಿಬಿಟ್ಟ. ದಿನಾ ಗಂಟೆ ಬಾರಿಸುವ ಅರ್ಧ ತಾಸು ಮೊದಲು ಇಬ್ಬರೂ ಕಟ್ಟೆಯ ಮೇಲೆ ಕೂತು ಕಾಗುಣಿತ ಶುರುಮಾಡಿದೆವು. ‘ಪುಷ್ಕರಿಣಿ’ ಅವನಿಗೆ ಗೊತ್ತಿರಲಿಲ್ಲ. ‘ಹೊಂಡ’ ಚೆನ್ನಾಗಿ ಗೊತ್ತಿತ್ತು, ಈಜು ಕಲಿತದ್ದೇ ಅಲ್ಲಿ.

ಆಗ ನನಗೆ ನೆನಪಾದವರು ಫರ್ಡಿನೆಂಡ್ ಕಿಟ್ಟೆಲ್. 1853ರಲ್ಲಿ ಅದೇ ಬಾಸೆಲ್ ಮಿಷನ್ನಿನಿಂದ ಬಂದವರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ದುಡಿದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ಸುಮಾರು 70,000 ಪದಗಳ ನಿಘಂಟು ತೆರೆದವನ ಮತ ಯಾವುದೆಂದು ಕೇಳುವುದಿಲ್ಲ. ಅದರಲ್ಲಿ ಹಳೆಯ ಕಾವ್ಯದ ಪದಕ್ಕೂ ಆಡುಮಾತಿನ ಪದಕ್ಕೂ, ಗಾದೆಗೂ ಒಂದೇ ಪಂಕ್ತಿ. ಇನ್ನೊಬ್ಬರ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳುವುದೂ ಕಾಲು ತೊಳೆಯುವ ಕೆಲಸವೇ ಎಂದು ನನಗನ್ನಿಸುತ್ತದೆ.

ಗುರುವಾರ ನನ್ನ ಪಾಠದ ವೀಕ್ಷಣೆ ಇತ್ತು. ವಿಷಯ ಬಾದಾಮಿ ಚಾಲುಕ್ಯರು. “ಒಂದಿನ ಅವನ್ನ ಹಿಂದ ಕೂಡಿಸು ತಂಗಿ, ನಿನ್ನ ಪಾಠ ಕೆಟ್ಟೀತು” ಎಂದಳು ಜೊತೆಗಾರ್ತಿ. ಅವಳ ಮಾತಿನಲ್ಲಿ ಕೆಡುಕಿರಲಿಲ್ಲ, ನನ್ನ ಅಂಕದ ಕಾಳಜಿಯೇ ಇತ್ತು. ನಾನು ಅವನನ್ನು ಮುಂದಿನ ಸಾಲಿನಲ್ಲೇ ಕೂರಿಸಿದೆ. ಮಂಗಳೇಶನ ಶಾಸನಸ್ತಂಭ ಮಹಾಕೂಟದಿಂದ ವಿಜಯಪುರದ ವಸ್ತುಸಂಗ್ರಹಾಲಯ ಸೇರಿದ್ದನ್ನು ಹೇಳಿ, ಉಳಿದದ್ದನ್ನು ಅವನಿಗೇ ಕೇಳಿದೆ. ಹೊಂಡದ ಸೆಲೆ, ನೀರಿನ ನಡುವಿನ ಸಣ್ಣ ಗುಡಿ, ಅದರೊಳಗೆ ನಾಲ್ಕೂ ದಿಕ್ಕಿಗೆ ಮುಖವಿರುವ ಲಿಂಗ, ಎಲ್ಲವನ್ನೂ ತಡವರಿಸುತ್ತ ಹೇಳಿದ. ಆಮೇಲೆ ಕಪ್ಪುಹಲಗೆಯ ಮೇಲಿನ ಎರಡು ಪದ ಓದಿದ. ಇಷ್ಟಕ್ಕೆ ಏಳು ನಿಮಿಷ ಹಿಡಿಯಿತು. ‘ಸಮಯಪಾಲನೆ ಸಾಲದು, ಮೌಲ್ಯಮಾಪನ ಪೂರ್ಣವಾಗಿಲ್ಲ’ ಎಂಬ ಟಿಪ್ಪಣಿ ಬಂತು. ಟಿಪ್ಪಣಿ ನಿಜ. ಆ ಏಳು ನಿಮಿಷ ನಾನು ತಿಳಿದೇ ಕೊಟ್ಟದ್ದು.

ಬನಶಂಕರಿ ಜಾತ್ರೆ ಮುಗಿದ ವಾರ ಅವರ ಮನೆಯವರು ಮತ್ತೆ ಗೋವಾಕ್ಕೆ ಹೋದರು. ಅಷ್ಟರಲ್ಲಿ ಅವನು ಒತ್ತಕ್ಷರವಿಲ್ಲದ ಪದಗಳನ್ನು ಓದುತ್ತಿದ್ದ. ನನ್ನ ಅವಧಿ ಮುಗಿಯಲು ಇನ್ನೂ ಹನ್ನೊಂದು ದಿನವಿತ್ತು. ಬೆಳಗಿನ ಅರ್ಧ ತಾಸಿಗೆ ಬೇರೆ ಇಬ್ಬರು ಬರತೊಡಗಿದ್ದರು.