ಗ್ಯಾಸ್‌ಲೈಟಿಗೆ ಗಾಳಿ

ನಮ್ಮ ಕಡೆ ಅದನ್ನು ಪೆಟ್ರೋಮ್ಯಾಕ್ಸ್ ಅಂದವರು ಕಡಿಮೆ, ಗ್ಯಾಸ್‌ಲೈಟು ಅಂತಲೇ ಎಲ್ಲರ ಬಾಯಲ್ಲೂ. ತುಂಬುವುದು ಸೀಮೆಎಣ್ಣೆ, ಗ್ಯಾಸ್ ಎಲ್ಲಿಂದ ಬಂತು ಎಂದು ಚಿಕ್ಕಂದಿನಲ್ಲಿ ತಾತನನ್ನು ಕೇಳಿದ್ದೆ. 'ಅದರ ಹೊಟ್ಟ್ಯಾಗ ಎಣ್ಣಿ, ತಲ್ಯಾಗ ಗ್ಯಾಸು' ಅಂದಿದ್ದ. ಐವತ್ತು ವರ್ಷ ದಾಟಿದ ಮೇಲೆ ಅದನ್ನು ಬಿಚ್ಚಿಕೊಂಡು ಕೂತಾಗ ತಿಳಿಯಿತು, ತಾತ ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ.

ರೂಪನಗುಡಿಯ ನಮ್ಮ ಹಳೇ ಮಾಳಿಗೆ ಮನೆಯನ್ನು ಕೆಡವುವಾಗ ಜಂತೆಯ ಗೂಟಕ್ಕೆ ತೂಗಿದ್ದ ಗೋಣಿಚೀಲದಲ್ಲಿ ಅದು ಸಿಕ್ಕಿತು. ಮೇಲಿನ ಬಿಳಿ ಲೇಪ ಸವೆದು ಒಳಗಿನ ಹಿತ್ತಾಳೆ ಅಲ್ಲಲ್ಲಿ ಇಣುಕುತ್ತಿತ್ತು. ಗ್ಲಾಸು ಇರಲಿಲ್ಲ. ಪಂಪಿನ ಹಿಡಿ ಎಳೆದರೆ ಬರಲಿಲ್ಲ, ಒತ್ತಿದರೆ ಹೋಗಲಿಲ್ಲ. ಹಾಗೂ ಹೀಗೂ ಹೊರತೆಗೆದಾಗ ಅದರ ತುದಿಯ ಚರ್ಮದ ವಾಷರು ಒಣಗಿದ ನಿಂಬೆ ಸಿಪ್ಪೆಯ ಹಾಗೆ ಮುರುಟಿತ್ತು. ಗ್ಯಾಸ್‌ಲೈಟು ಕೆಟ್ಟಿದೆ ಅಂತ ಮೂಲೆಗೆ ಸೇರಿದವುಗಳಲ್ಲಿ ಹೆಚ್ಚಿನವು ಈ ಒಂದು ಬಿಲ್ಲೆ ಚರ್ಮ ಒಣಗಿದ್ದಕ್ಕೇ ಸೇರಿರಬೇಕು ಎಂದು ನನಗೀಗ ಅನಿಸುತ್ತದೆ.

ಬಳ್ಳಾರಿಯಲ್ಲಿ ಸ್ಟೋವ್ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಹೊಸ ವಾಷರು ಕತ್ತರಿಸಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ, ಹೊತ್ತಿಸಿದ ದಿನ ಸುದ್ದಿ ಮುಟ್ಟಿಸು ಅಂದರು. ಒಂದು ರಾತ್ರಿ ಅದನ್ನು ಔಡಲೆಣ್ಣೆಯಲ್ಲಿ ನೆನೆಹಾಕಿದೆ. ಮಾರನೇ ದಿನ ಬಟ್ಟಲಿನ ಹಾಗೆ ಅಂಚು ಅರಳಿಸಿ ಕೂರಿಸಿದಾಗ ಪಂಪು ಗಾಳಿ ಹಿಡಿಯಿತು. ಎಣ್ಣೆ ಹಾಕದೆ ಬರೀ ಗಾಳಿ ತುಂಬಿ ಟ್ಯಾಂಕನ್ನು ನೀರಿನ ಕೊಳಗದಲ್ಲಿ ಅದ್ದಿ ನೋಡಿದೆ. ಮುಚ್ಚಳದ ಪಕ್ಕದಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅದರ ರಬ್ಬರು ಬದಲಿಸಿ ಮತ್ತೆ ಅದ್ದಿದೆ. ಗುಳ್ಳೆ ನಿಲ್ಲುವ ತನಕ ಕಡ್ಡಿ ಗೀರುವ ಮಾತಿಲ್ಲ. ಒತ್ತಡದಲ್ಲಿರುವ ಸೀಮೆಎಣ್ಣೆ ಸಣ್ಣ ಸಂದಿಯಿಂದ ಚಿಮ್ಮಿದರೂ ಬೆಂಕಿಯ ಕೋಲಾಗುತ್ತದೆ. ಟ್ಯಾಂಕಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದ್ದು ಎಲ್ಲ ಮುಗಿದ ಮೇಲೆ. ಹೊಳಪು ಬಂದರಾಯಿತು, ಅದೇ ದುರಸ್ತಿ ಎಂದು ತಿಳಿದವರ ಮನೆಯಲ್ಲಿ ಈ ದೀಪ ಷೋಕೇಸಿನಲ್ಲಿ ಕೂತಿರುತ್ತದೆ, ಉರಿಯುವುದಿಲ್ಲ.

ಇನ್ನು ತಲೆಯ ಗ್ಯಾಸಿನ ಮಾತು. ಟ್ಯಾಂಕಿನ ಗಾಳಿ ಎಣ್ಣೆಯನ್ನು ಮೇಲಕ್ಕೆ ನೂಕುತ್ತದೆ. ಬಿಸಿಯಾದ ಕೊಳವೆಯಲ್ಲಿ ಏರುತ್ತ ಎಣ್ಣೆ ಆವಿಯಾಗಿ, ಕೂದಲೆಳೆಯಂಥ ನಿಪ್ಪಲ್ ತೂತಿನಿಂದ ರಭಸವಾಗಿ ನುಗ್ಗಿ, ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಮ್ಯಾಂಟಲ್ ಎಂಬ ಬಲೆಚೀಲದೊಳಗೆ ಉರಿಯುತ್ತದೆ. ಆ ಸುಂಯ್ ಎನ್ನುವ ಸದ್ದು ಹುಟ್ಟುವುದು ಈ ನುಗ್ಗಾಟಕ್ಕೆ. ದೀಪ ಒಮ್ಮೆ ಹೊತ್ತಿಕೊಂಡರೆ ತನ್ನ ಕೊಳವೆಯನ್ನು ತಾನೇ ಕಾಯಿಸಿಕೊಳ್ಳುತ್ತದೆ. ಮೊದಲ ಕಾವು ಮಾತ್ರ ಹೊರಗಿನಿಂದ ಬರಬೇಕು. ಅದಕ್ಕೇ ಸ್ಪಿರಿಟ್ ಬಟ್ಟಲು.

ಬೆಳಕು ಕೊಡುವುದು ಬೆಂಕಿಯಲ್ಲ, ಮ್ಯಾಂಟಲು. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಕ್ 1885ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ 1891ರಲ್ಲಿ 99 ಪಾಲು ಥೋರಿಯಂ ಆಕ್ಸೈಡಿಗೆ 1 ಪಾಲು ಸೀರಿಯಂ ಆಕ್ಸೈಡ್ ಬೆರೆಸಿದಾಗ ಬೆಳಕು ಒಲಿಯಿತು. ಒಂದೇ ಒಂದು ಪಾಲು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಥೋರಿಯಂ ಹುಡುಕಿಕೊಂಡು ಹೊರಟ ಜರ್ಮನರಲ್ಲಿ ಒಬ್ಬ, ಷೋಂಬರ್ಗ್, ತೆಂಗಿನ ನಾರಿಗೆ ಅಂಟಿ ಹೋಗಿದ್ದ ಮರಳಿನ ಜಾಡು ಹಿಡಿದು 1909ರಲ್ಲಿ ತಿರುವಾಂಕೂರಿನ ಮಣವಾಳಕುರಿಚ್ಚಿ ತೀರ ಮುಟ್ಟಿದ. ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ ತನ್ನ ಹೆಸರಿನ ಅರ್ಧ ಸೇರಿಸಿ ಪೆಟ್ರೋಮ್ಯಾಕ್ಸ್ ಮಾಡಿದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ನಮ್ಮ ಎರೆಸೀಮೆಯ ಕತ್ತಲೆ ಕಳೆದದ್ದು ಜರ್ಮನಿಯ ಹಿತ್ತಾಳೆ ಎಂದು ಹೇಳುವಾಗ ನಮ್ಮದೇ ದಕ್ಷಿಣದ ಸಮುದ್ರದ ಮರಳನ್ನೂ ನೆನೆಯಬೇಕು.

ನನ್ನ ಮನಸ್ಸೆಲ್ಲ ಇರುವುದು ಬಯಲಾಟದ ರಾತ್ರಿಗಳಲ್ಲಿ. ರಂಗದ ಎಡಬಲಕ್ಕೆ ಎರಡು ಗ್ಯಾಸ್‌ಲೈಟು. ದೀವಟಿಗೆಯ ಹಳದಿ ಬೆಳಕಿಗೆಂದು ಹುಟ್ಟಿದ ಅರದಾಳದ ಬಣ್ಣ, ಭುಜಕೀರ್ತಿಯ ಬೇಗಡೆ, ಕಿರೀಟದ ಕನ್ನಡಿ ಚೂರು ಎಲ್ಲವೂ ಆ ಬಿಳಿ ಬೆಳಕಿಗೆ ಬಿದ್ದಾಗ ಕಣ್ಣು ಕೋರೈಸುತ್ತಿತ್ತು. ತೊಗಲುಗೊಂಬೆಯವರಿಗೆ ಮಾತ್ರ ಈ ಬೆಳಕಿನಿಂದ ನಷ್ಟವಾಯಿತು ಅನ್ನುತ್ತೇನೆ. ಎಣ್ಣೆದೀಪದ ಕುಡಿ ಅಲುಗಿದರೆ ಪರದೆಯ ಹನುಮಂತ ಉಸಿರಾಡುತ್ತಿದ್ದ. ಗ್ಯಾಸ್‌ಲೈಟಿನ ಮುಂದೆ ಅವನು ಚೊಕ್ಕವಾಗಿ ಕಾಣುತ್ತಾನೆ, ಆದರೆ ಉಸಿರಿಲ್ಲ.

ಒಂದು ಲೀಟರು ಎಣ್ಣೆ ತುಂಬಿದರೆ ಸುಮಾರು ಎಂಟು ತಾಸು, ಅಂದರೆ ಒಂದಾಟ. ಎಣ್ಣೆ ಮುಗಿಯದಿದ್ದರೂ ಗಾಳಿ ಇಳಿಯುತ್ತದಲ್ಲ, ಅದಕ್ಕೊಬ್ಬ ಆಳು. ರಾಜ ಒಡ್ಡೋಲಗದಲ್ಲಿ ಮಾತಾಡುವಾಗ ಪಂಪು ಹೊಡೆದರೆ ಸಭೆ ಬೈಯುತ್ತದೆ. ಹೊಡೆಯದೆ ಬಿಟ್ಟರೆ ರಾಜನ ಮುಖವೇ ಕೆಂಪಾಗಿ ಕಂದುತ್ತದೆ. ಹಿಮ್ಮೇಳ ಎತ್ತಿ ಹಾಡುವ ಹೊತ್ತಿಗೆ ಸರಿಯಾಗಿ ಅವನು ದೀಪ ಇಳಿಸಿ, ಗಾಳಿ ಹೊಡೆದು, ಹಾಡು ಮುಗಿಯುವುದರೊಳಗೆ ಮತ್ತೆ ಏರಿಸಿರುತ್ತಿದ್ದ. ಆಟವನ್ನು ಅವನಷ್ಟು ಬಾಯಿಪಾಠ ಮಾಡಿದವರು ಪಾತ್ರಧಾರಿಗಳಲ್ಲೂ ಇದ್ದಿರಲಾರರು. ಆದರೂ ಮಂಗಳದ ಹೊತ್ತಿಗೆ ಅವನ ಹೆಸರು ಕರೆದು ಶಾಲು ಹೊದಿಸಿದ್ದು ನಾನು ಕಂಡಿಲ್ಲ. ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಸಿಂಬಿಯಿಟ್ಟು ಲೈಟು ಹೊತ್ತು ನಡೆದವರದೂ ಇದೇ ಕಥೆ. ಟ್ಯಾಂಕಿನ ನೆರಳು ನೇರ ಕೆಳಗೆ ಬೀಳುತ್ತದೆ. ಊರಿಗೆಲ್ಲ ವರನ ಮುಖ ತೋರಿಸಿದವರ ಮುಖ ಕತ್ತಲಲ್ಲೇ ಇರುತ್ತಿತ್ತು. ಅದು ನನಗೆ ಇಂದಿಗೂ ನೋವಿನ ಸಂಗತಿ.

ಹೋದ ಅಮಾವಾಸ್ಯೆಗೆ ಹೊತ್ತಿಸಿದೆ. ಹೊಸ ಮ್ಯಾಂಟಲನ್ನು ಮೊದಲು ಸುಟ್ಟುಕೊಳ್ಳಬೇಕು. ದಾರವೆಲ್ಲ ಉರಿದು ಬಿಳೀ ಬೂದಿಯ ಬಲೆ ಉಳಿಯುತ್ತದೆ, ಹುಳ ಬಡಿದರೂ ಪುಡಿಯಾಗುವಂಥದ್ದು. ಸ್ಪಿರಿಟ್ಟಿನ ನೀಲಿ ಉರಿ ಇನ್ನೇನು ಆರಬೇಕು ಅನ್ನುವಾಗ ಗಾಳಿ ಹೊಡೆದೆ. ಮೊದಲು ಭುಸ್ ಎಂದು ಹಳದಿ ಜ್ವಾಲೆ ಎದ್ದಿತು, ಅಂಜಿದೆ, ಕೈ ಮಾತ್ರ ತೆಗೆಯಲಿಲ್ಲ. ಇನ್ನೂ ನಾಲ್ಕು ಹೊಡೆತ. ಆಮೇಲೆ ಬೆಳಕು ತೊಟ್ಟಿಲ ಕೂಸಿನ ಹಾಗೆ ಸುಮ್ಮನಾಗಿ ಬೆಳ್ಳಗಾಯಿತು.

ಎದುರು ಮನೆಯ ತಾತ ಬಂದು ಕಟ್ಟೆಯ ಮೇಲೆ ಕೂತರು. ವಯಸ್ಸಿನಲ್ಲಿ ಆಟಕ್ಕೆ ಲೈಟು ಕಾದವರು. ಈಗ ಎರಡು ಕಣ್ಣಿಗೂ ಪೊರೆ. ದೀಪದ ಕಡೆ ತಿರುಗಲಿಲ್ಲ, ಹೊಗಳಲಿಲ್ಲ, ಮೆಣಸಿನಕಾಯಿ ರೇಟು ಬಿದ್ದದ್ದನ್ನು ಮಾತಾಡುತ್ತ ಹೋದರು. ತಾಸು ಕಳೆದಿರಬೇಕು. ಮಾತಿನ ನಡುವೆ ತಟ್ಟನೆ ನಿಲ್ಲಿಸಿದರು.

'ದನಿ ಇಳದೈತಿ. ಗಾಳಿ ಹೊಡಿಯಪ್ಪ.'

ನನ್ನ ಕಣ್ಣಿಗೆ ಬೆಳಕು ಒಂದಿಷ್ಟೂ ಕುಂದಿರಲಿಲ್ಲ. ಬಗ್ಗಿ ಗೇಜು ನೋಡಿದೆ. ಮುಳ್ಳು ಕೆಂಪು ಗೆರೆಯಿಂದ ಕೆಳಗೆ ಜಾರಿತ್ತು. ಹೊಡೆಯತೊಡಗಿದೆ. ಒಂಬತ್ತನೆಯದಕ್ಕೆ ಅವರು ಕೈ ಎತ್ತಿದರು.

'ಸಾಕು' ಅಂದು, ಮೆಣಸಿನಕಾಯಿ ಮಾತು ಬಿಟ್ಟಲ್ಲಿಂದ ಎತ್ತಿಕೊಂಡರು.